ಬೆಣ್ಣೆ ಹಾಕದ ಹಾಕಿ

ಅಲ್ಲ, ಚಕ್ಕುಲಿಗೆ ನೀವು ಬೆಣ್ಣೆ ಹಾಕ್ತೀರೋ, ಕಾದ ಎಣ್ಣೆ ಹಾಕ್ತೀರೋ? ಸುಮ್ಮನೆ ಕೇಳಿದೆ, ಬೇರೇನಿಲ್ಲ. ಮೊದಲೆಲ್ಲ ಈ ಪ್ರಶ್ನೆಯನ್ನು ಹೊಗಳುವುದಕ್ಕೆ ಕೇಳುತ್ತಿದ್ದರು. “ಬಾಯಲ್ಲಿಟ್ಟರೆ ಕರಗುತ್ತಲ್ರೀ, ಎಷ್ಟು ಬೆಣ್ಣೆ ಸುರಿದಿದ್ದೀರಿ?” ಅಂದರೆ ನಾವು ನಾಚಿಕೊಂಡು ಇನ್ನೆರಡು ಬಡಿಸುತ್ತಿದ್ದೆವು. ಈಗ ನಮ್ಮ ಮನೆಯಲ್ಲಿ ಹಾಕಿ ಮ್ಯಾಚ್ ಇದ್ದ ದಿನ ಈ ಪ್ರಶ್ನೆ ಎದ್ದರೆ, ಉತ್ತರ ಸಿಗುವವರೆಗೂ ಒಬ್ಬಳ ಕೈ ತಟ್ಟೆಯ ಮೇಲೆ ಹಾಗೇ ನಿಂತಿರುತ್ತೆ.

ಅವಳೇ, ನಮ್ಮ ತಂಗಿ ಮಗಳು. ನೀವು ನೋಡಿದ್ದೀರಲ್ಲ, ಬೆಂಗಳೂರಿನಿಂದ ಬಂದಾಗೆಲ್ಲ ಗೇಟಿನ ಹತ್ತಿರ ಬೀದಿನಾಯಿಗಳಿಗೆ ಅನ್ನ ಕಲಸಿಕೊಡುತ್ತಿರುತ್ತಾಳಲ್ಲ. ವೀಗನ್ ಆಗಿದ್ದಾಳೆ. ಮಾಂಸ, ಮೊಟ್ಟೆ ನಮ್ಮಲ್ಲಿ ಮೊದಲೂ ಇರಲಿಲ್ಲ, ಅದರಲ್ಲೇನು ಹೊಸದು. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಅಷ್ಟೂ ಬಿಟ್ಟಿದ್ದಾಳೆ ನೋಡಿ, ಅದು ಸುದ್ದಿ. ನಮ್ಮತ್ತೆ ಕನ್ನಡಕ ಸರಿಮಾಡಿಕೊಂಡು “ಹಾಗಾದರೆ ಕೃಷ್ಣಾಷ್ಟಮಿ ಹೇಗೆ ಮಾಡ್ತೀಯೇ?” ಅಂದರು. “ಅವಲಕ್ಕಿ ಇದೆಯಲ್ಲ ಅಜ್ಜಿ” ಅಂದಳು. ಸುದಾಮನನ್ನೇ ಎದುರಿಗೆ ತಂದು ನಿಲ್ಲಿಸಿದ ಮೇಲೆ ಅತ್ತೆ ಏನು ಹೇಳಿಯಾರು? ತುಳಸಿ ಕಟ್ಟೆ ಕಡೆ ಹೊರಟುಹೋದರು.

ಇನ್ನೊಂದು ತಮಾಷೆ ಕೇಳಿ. ಇವರಿಗೂ ಒಂದು ಹಬ್ಬದ ದಿನ ಇದೆಯಂತೆ, ವಿಶ್ವ ವೀಗನ್ ದಿನ. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಅನ್ನುವವರೂ ಅವರ ಗೆಳೆಯರೂ ಸೇರಿ 1944ರ ನವೆಂಬರ್‌ನಲ್ಲಿ ಸಂಘ ಕಟ್ಟಿದರಲ್ಲ, ಅದಕ್ಕೆ ಐವತ್ತು ವರ್ಷ ತುಂಬಿದಾಗ ಶುರುವಾದದ್ದು. ಯಾವತ್ತು ಗೊತ್ತಾ? ನವೆಂಬರ್ 1. ನಮ್ಮ ರಾಜ್ಯೋತ್ಸವದ ದಿನವೇ! ಧ್ವಜ ಹಾರಿಸಿ ಎಲ್ಲರಿಗೂ ತುಪ್ಪ ಜಿನುಗುವ ಮೈಸೂರು ಪಾಕ್ ಹಂಚುವ ದಿನ ಇವಳಿಗೆ ಮಾತ್ರ ಕಡಲೆಮಿಠಾಯಿ. ಅದೇ ಹೆಚ್ಚು ಕನ್ನಡದ್ದು ಅಂತ ಇವಳ ವಾದ. ಇರಬಹುದು, ನಾನು ಆ ಜಗಳಕ್ಕೆ ಹೋಗಲ್ಲಪ್ಪ.

ಹಾಕಿ ವಿಷಯಕ್ಕೆ ಬರ್ತೀನಿ. ಈ ಬೀದಿಯಲ್ಲಿ ಕ್ರಿಕೆಟ್ ಅವರವರ ಮನೆಯಲ್ಲಿ ಅವರವರೇ ನೋಡಿಕೊಳ್ಳುತ್ತಾರೆ, ಹಾಕಿಗೆ ಮಾತ್ರ ಎಲ್ಲರೂ ನಮ್ಮನೆ. ಎದುರುಮನೆ ಕೊಡಗಿನ ಅಕ್ಕ, ಭಾವ ಬಂದ ಮೇಲೆ ಹತ್ತಿದ ಗೀಳಿದು. ಅವರ ಊರಿನ ಕಥೆ ನಿಮಗೆ ಹೊಸದಲ್ಲ ಬಿಡಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕುಟುಂಬ ಹಾಕಿ ಹಬ್ಬ, 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡದವರು ನಡೆಸಿದಾಗ 360 ಕುಟುಂಬಗಳ ತಂಡ ಆಗಿ ಗಿನ್ನೆಸ್ ಪುಸ್ತಕಕ್ಕೇ ಸೇರಿತಲ್ಲ. ನನಗೆ ಆ ದಾಖಲೆಗಿಂತ ಇಷ್ಟವಾದದ್ದು ಬೇರೆ. ಒಂದೇ ಮನೆತನದ ತಾತ, ಮೊಮ್ಮಗ, ಸೊಸೆ ಎಲ್ಲ ಒಂದೇ ತಂಡದಲ್ಲಿ ಕೋಲು ಹಿಡಿದು ಇಳಿಯುತ್ತಾರಂತೆ. ಮಾವನಿಗೆ ಸೊಸೆ ಪಾಸ್ ಕೊಡಲಿಲ್ಲ ಅಂದರೆ ಸಂಜೆ ಊಟದ ಹೊತ್ತಿಗೆ ಆ ಮನೆಯಲ್ಲಿ ಮಾತುಕತೆ ಹೇಗಿರಬಹುದು, ಅಲ್ವಾ? ಆ ಭಾವ ಹೇಳುತ್ತಿರುತ್ತಾರೆ, ಹಾಕಿ ಅಂದರೆ ಮೂಗಿಗೆ ಪಂದಿಕರಿ ವಾಸನೆ ತಾನಾಗಿ ಬರುತ್ತೆ ಅಂತ. ನಮ್ಮನೆ ಸೋಫಾದಲ್ಲಿ ಅವರಿಗೆ ಸಿಗುವುದು ಸೌತೆಕಾಯಿ ಕೋಸಂಬರಿ. ಪಾಪ, ದೊಡ್ಡ ಮನಸ್ಸು ಮಾಡಿ ತಿನ್ನುತ್ತಾರೆ.

ಇವರಿಬ್ಬರ ಜೊತೆಗೆ ಮೂಲೆಮನೆ ಮೇಷ್ಟ್ರು ಖಾಯಂ. ತಂಗಿ ಮಗಳ ಸ್ನೇಹಿತೆ ಒಬ್ಬಳು ಆಗಾಗ. ನಮ್ಮ ಯಜಮಾನರು ಮನೆಯವರಾದ್ದರಿಂದ ಲೆಕ್ಕಕ್ಕಿಲ್ಲ.

ಈಗ ತಿಂಡಿಯದ್ದೇ ಒಂದು ಪಂಚಾಯ್ತಿ. ಮೊದಲು ನಾನಂದುಕೊಂಡದ್ದು, ವೀಗನ್ ಅಂದರೆ ಏನೋ ಪರದೇಶದ ಪದಾರ್ಥ ತರಿಸಬೇಕು ಅಂತ. ಹುಡುಗಿ ಅಡುಗೆಮನೆ ಡಬ್ಬಗಳನ್ನೆಲ್ಲ ಒಂದು ಸುತ್ತು ತೆಗೆದು ನೋಡಿ, “ದೊಡ್ಡಮ್ಮ, ಮುಕ್ಕಾಲು ಪಾಲು ನಾನು ತಿನ್ನೋದೇ ಇದೆ” ಅಂದಳು. ಹುರಿದ ಕಡಲೆಕಾಯಿ, ಅವಲಕ್ಕಿ ಒಗ್ಗರಣೆ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಕೋಡುಬಳೆ. ನಮ್ಮ ಕೋಡುಬಳೆ ಮೊದಲಿನಿಂದಲೂ ಕಾದ ಎಣ್ಣೆಯದ್ದೇ, ಕಾಯಿ, ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಿದ್ದು. ಅದು ಪಾಸು. ಚಕ್ಕುಲಿ ನಪಾಸು, ಬೆಣ್ಣೆ. ನಿಪ್ಪಟ್ಟಿನ ಹತ್ತಿರ ಬಂದಾಗ ನಾನು ಸ್ವಲ್ಪ ಸಂಕೋಚದಿಂದ, “ಅದಕ್ಕೆ ಡಾಲ್ಡಾ ಕಣೇ” ಅಂದೆ. ಅವಳ ಮುಖ ಅರಳಿತು! ಜೀವಮಾನವಿಡೀ ತುಪ್ಪಕ್ಕೆ ಸಮ ಅಲ್ಲ, ಎದೆಗೆ ಒಳ್ಳೇದಲ್ಲ ಅಂತ ಬೈಸಿಕೊಂಡ ವನಸ್ಪತಿ ಒಂದು ಪರೀಕ್ಷೆಯಲ್ಲಿ ಗೆದ್ದದ್ದು ನಾನು ಕಂಡ ಹಾಗೆ ಅವತ್ತೇ.

ಆದರೆ ಸಿಕ್ಕಿಬಿದ್ದದ್ದು ಯಾವುದು ಹೇಳಿ ನೋಡೋಣ. ಬಾಳಕ! ಮೆಣಸಿನಕಾಯಿ ತಾನೇ, ಅದರಲ್ಲೇನು ಅಂತ ನೀವೂ ಅಂದುಕೊಳ್ಳುತ್ತೀರಿ. ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ರಾತ್ರಿಯೆಲ್ಲ ನೆನೆಸಿ, ಹಗಲೆಲ್ಲ ಬಿಸಿಲಿಗಿಟ್ಟು, ಮತ್ತೆ ಅದೇ ಮಜ್ಜಿಗೆಗೆ ಮುಳುಗಿಸಿ... ಮಜ್ಜಿಗೆಯಷ್ಟೂ ಅದರ ಹೊಟ್ಟೆಯಲ್ಲೇ ಇರುತ್ತಲ್ಲ. ಕರಿದು ಕಪ್ಪಗಾಗಿ ತಟ್ಟೆಯ ಮೂಲೆಯಲ್ಲಿ ಏನೂ ಅರಿಯದ ಹಾಗೆ ಕೂತಿರುತ್ತೆ. ಹಾಲು ಎಲ್ಲೆಲ್ಲಿ ಅಡಗಿ ಕೂತಿದೆ ಅಂತ ಹುಡುಕುವುದೇ ಒಂದು ಆಟ ಕಣ್ರೀ. ಅಂಗಡಿ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ, ಎಷ್ಟೋ ಸಲ ಹಾಲಿನ ಪುಡಿ ಇರುತ್ತೆ. ಮಸಾಲೆ ಸವರಿದ ಆಲೂಗಡ್ಡೆ ಚಿಪ್ಸ್‌ನಲ್ಲೂ ಕೆಲವೊಮ್ಮೆ. ಹಸಿರು ಚುಕ್ಕಿ ಇದೆಯಲ್ಲ ಅಂದರೆ, ಅದು ಸಸ್ಯಾಹಾರದ ಗುರುತು, ಹಾಲಿಗೂ ಜೇನಿಗೂ ಅಲ್ಲಿ ಪ್ರವೇಶ ಉಂಟು. ಅದಕ್ಕೇ 2022ರಲ್ಲಿ ಸರ್ಕಾರದವರು ವೀಗನ್ ತಿನಿಸಿಗೆ ಬೇರೆಯೇ ನಿಯಮ ಮಾಡಿ, ಬೇರೆಯೇ ಗುರುತು ಕೊಟ್ಟರು. ಮೇಷ್ಟ್ರು ಇದನ್ನು ಕೇಳಿ, “ಹಾಕಿಯಲ್ಲೂ ಹಸಿರು ಕಾರ್ಡ್ ತೋರಿಸಿದರೆ ಎರಡು ನಿಮಿಷ ಆಚೆ ಕೂರಬೇಕಮ್ಮ, ಹಸಿರು ಅಂದ ತಕ್ಷಣ ಎಲ್ಲ ಸರಿ ಅಂತಲ್ಲ” ಅಂದರು. ಅವರು ಹಾಗೇ, ಏನು ಸಿಕ್ಕಿದರೂ ಹಾಕಿಗೇ ತಂದು ಕಟ್ಟುತ್ತಾರೆ.

ಹಾಕಿಗೂ ಕುರುಕಲಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ, ಗಮನಿಸಿದ್ದೀರಾ? ಕ್ರಿಕೆಟ್ಟಿನಲ್ಲಿ ಓವರಿಗೊಂದು ಬಿಡುವು. ಬೌಲರ್ ನಡೆದುಕೊಂಡು ಹೋಗಿ, ಪ್ಯಾಂಟಿಗೆ ಚೆಂಡು ಉಜ್ಜಿ, ತಿರುಗಿ ಓಡಿಬರುವಷ್ಟರಲ್ಲಿ ನೀವು ಒಂದು ಉದ್ದಿನವಡೆ ಮುಗಿಸಬಹುದು. ಹಾಕಿಯಲ್ಲಿ ಕಣ್ಣು ತಟ್ಟೆಗೆ ಇಳಿಸಿದಿರೋ, ಚೆಂಡು ಈ ತುದಿಯಿಂದ ಆ ತುದಿಗೆ ಹೋಗಿ ಗೋಲೂ ಆಗಿರುತ್ತೆ. ಆದ್ದರಿಂದ ಹಾಕಿ ತಿಂಡಿ ಅಂದರೆ ನೋಡದೇ ತಿನ್ನುವಂಥದ್ದು ಇರಬೇಕು. ಬೇಯಿಸಿದ ಕಡಲೆಕಾಯಿ ಆಗಲ್ಲ, ಎರಡೂ ಕೈ ಬೇಕು, ಸಿಪ್ಪೆಗೊಂದು ಬಟ್ಟಲು ಬೇಕು, ಮೇಷ್ಟ್ರು ಸಿಪ್ಪೆಯನ್ನು ಕಾಳಿನ ಬಟ್ಟಲಿಗೇ ಹಾಕಿಬಿಡುತ್ತಾರೆ. ಕೋಡುಬಳೆ ಅಡ್ಡಿಯಿಲ್ಲ, ಕೈಗೆ ತಾನಾಗಿ ಸಿಗುತ್ತೆ. ಆದರೆ ಐದು ಜನ ಒಟ್ಟಿಗೆ ಕಡಿದರೆ ಕಾಮೆಂಟ್ರಿ ಕೇಳಿಸಲ್ಲ. ಪೆನಾಲ್ಟಿ ಕಾರ್ನರ್ ಹೊತ್ತಿಗೆ ನಮ್ಮನೆಯಲ್ಲಿ ಎಲ್ಲರೂ ಬಾಯಲ್ಲಿದ್ದುದನ್ನು ಕೆನ್ನೆಗೆ ಸರಿಸಿಕೊಂಡು ಕೂರುತ್ತಾರೆ.

ಈ ಕಾಲುಭಾಗಗಳು ಬಂದದ್ದು ಅಡುಗೆಮನೆಗೆ ದೊಡ್ಡ ಉಪಕಾರ ನೋಡಿ. ಮೊದಲು 35 ನಿಮಿಷದ ಎರಡೇ ಭಾಗ ಇತ್ತಲ್ಲ. 2014ರಿಂದ ಅಂತರರಾಷ್ಟ್ರೀಯ ಪಂದ್ಯಗಳಿಗೆ 15 ನಿಮಿಷದ ನಾಲ್ಕು ಮಾಡಿದರು. ಮೊದಲನೆಯದೂ ಮೂರನೆಯದೂ ಮುಗಿದಾಗ ಎರಡೆರಡು ನಿಮಿಷ ಬಿಡುವು, ನಡುವೆ ಹತ್ತು ನಿಮಿಷ. ಎರಡು ನಿಮಿಷ ಅಂದರೆ ಸರಿಯಾಗಿ ಒಂದು ಪಾತ್ರೆ ಚುರುಮುರಿ. ಈರುಳ್ಳಿ, ಕ್ಯಾರೆಟ್ ತುರಿ, ಮಾವಿನಕಾಯಿ ಚೂರು ಮೊದಲೇ ಹೆಚ್ಚಿಟ್ಟಿರಬೇಕು, ಸೀಟಿ ಊದಿದ ಮೇಲೆ ಪುರಿ ಸುರಿದು ಕೊಬ್ಬರಿ ಎಣ್ಣೆ, ಖಾರದಪುಡಿ ಹಾಕಿ ಕಲಸುವುದು. ಮೊದಲೇ ಕಲಸಿದರೆ ಮೆತ್ತಗಾಗಿ ಹೋಗುತ್ತೆ. ಚುರುಮುರಿ ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೂ ಹೇಳ್ತೀನಿ, ಅದರಲ್ಲಿ ಹಾಲಿನ ಹನಿಯೂ ಇಲ್ಲ. ನಡುವಿನ ಹತ್ತು ನಿಮಿಷಕ್ಕೆ ಬಜ್ಜಿ. ಎಣ್ಣೆಯನ್ನು ಎರಡನೇ ಭಾಗದ ಕೊನೆಯಲ್ಲಿ ಸಣ್ಣ ಉರಿಗೆ ಇಟ್ಟಿರಬೇಕು, ಹಿಟ್ಟು ಗಟ್ಟಿಯಾಗಿ ಕಲಸಿರಬೇಕು. ಬಾಳೆಕಾಯಿಯಾದರೆ ಎರಡು ಸರತಿ ಆಗುತ್ತೆ, ದಪ್ಪಮೆಣಸಿನಕಾಯಿಯಾದರೆ ಒಂದೂವರೆ. ಗೋಲಿನ ಬಗ್ಗೆ ತಕರಾರೆದ್ದು ವಿಡಿಯೊ ಅಂಪೈರ್ ಹಿಂದೆ ಮುಂದೆ ಆಡಿಸಿ ನೋಡುತ್ತಾರಲ್ಲ, ಆ ಹೊತ್ತು ಚಟ್ನಿ ಬಡಿಸುವುದಕ್ಕೆ.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ಮೇಲೆ ಆಡಿದ ಕಂಚಿನ ಪದಕದ ಪಂದ್ಯ ನೆನಪಿದೆಯಲ್ಲ, ಆಗಸ್ಟ್ 8, ಸಂಜೆ ಐದೂವರೆ. ಬಜ್ಜಿಗೆ ಅದಕ್ಕಿಂತ ಒಳ್ಳೆ ಮುಹೂರ್ತ ಪಂಚಾಂಗದಲ್ಲೇ ಸಿಗಲ್ಲ. ಸ್ಪೇನ್ ಮೊದಲು ಒಂದು ಹೊಡೆದಿತ್ತು. ವಿರಾಮಕ್ಕೆ ಇನ್ನೇನು ಕೆಲವೇ ಕ್ಷಣ ಅನ್ನುವಾಗ ಹರ್ಮನ್‌ಪ್ರೀತ್ ಪೆನಾಲ್ಟಿ ಕಾರ್ನರ್‌ನಲ್ಲಿ ಸಮ ಮಾಡಿದರು. ನಾನು ಆ ಸಂತೋಷದಲ್ಲೇ ಒಲೆ ಮುಂದೆ ನಿಂತೆ. ವಿರಾಮ ಮುಗಿದದ್ದೇ ತಡ, 33ನೇ ನಿಮಿಷಕ್ಕೆ ಅವರದ್ದೇ ಎರಡನೆಯದು. ಕೊನೆಯ ಸರತಿಯ ಬಜ್ಜಿ ಆಗ ತಾನೇ ಜಾಲರಿಯಲ್ಲಿತ್ತು, ಗೋಲು ನನಗೆ ದಕ್ಕಿದ್ದು ಮರುಪ್ರಸಾರದಲ್ಲಿ. 2–1, ಗೆದ್ದೆವು. ಟೋಕಿಯೊ ನಂತರ ಪ್ಯಾರಿಸ್, ಸಾಲಾಗಿ ಎರಡು ಒಲಿಂಪಿಕ್ಸ್‌ನಲ್ಲಿ ಪದಕ 1972ರ ಮೇಲೆ ಅದೇ ಮೊದಲು ಅಂತ ಮೇಷ್ಟ್ರು ಬಜ್ಜಿಯನ್ನೇ ಎತ್ತಿ ಹಿಡಿದು ಘೋಷಿಸಿದರು. ಶ್ರೀಜೇಶ್ ಅವತ್ತೇ ಕೊನೆಯ ಆಟ ಆಡಿ ಗೋಲುಪೆಟ್ಟಿಗೆಯ ಮೇಲೆ ಹತ್ತಿ ಕೂತರಲ್ಲ, ನಮ್ಮ ಯಜಮಾನರಿಗೆ ಕಣ್ಣಲ್ಲಿ ನೀರು. ಮೆಣಸಿನಕಾಯಿ ಖಾರ ಅಂತ ಸಬೂಬು ಹೇಳಿದರು. ಆ ಸರತಿ ಬಾಳೆಕಾಯಿಯದ್ದು, ನಾನೇನೂ ಅನ್ನಲಿಲ್ಲ.

ಅದಕ್ಕೂ ಮುಂಚಿನ ಭಾನುವಾರದ್ದು ಇನ್ನೂ ಸೊಗಸು. ಬ್ರಿಟನ್ ಮೇಲೆ ಕ್ವಾರ್ಟರ್‌ಫೈನಲ್, ಮಧ್ಯಾಹ್ನ ಒಂದೂವರೆಗೆ. ಹಿಂದಿನ ದಿನ ಆಗಸ್ಟ್ 3, ಕೊಡಗಿನವರಿಗೆ ಕಕ್ಕಡದ ಹದಿನೆಂಟು. ಮದ್ದುಸೊಪ್ಪಿನ ದಿನ. ಆ ಒಂದು ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಕೂಡಿಕೊಂಡಿರುತ್ತೆ ಅಂತ ಅವರ ನಂಬಿಕೆ. ಊರಿನಿಂದ ಬಸ್ಸಿನಲ್ಲಿ ಸೊಪ್ಪು ತರಿಸಿ, ಬೇಯಿಸಿ, ಆ ನೀರಿನಲ್ಲಿ ಅಕ್ಕಿಯ ಪುಟ್ಟು ಮಾಡಿದ್ದರು ಅಕ್ಕ. ಬಣ್ಣ ನೋಡಬೇಕಿತ್ತು ನೀವು, ಅಪ್ಪಟ ನೇರಳೆ! ತಿಂಡಿಯೋ ಶಾಯಿಯೋ ತಿಳಿಯಬಾರದು. ಭಾನುವಾರ ಉಳಿದದ್ದನ್ನು ಡಬ್ಬಿಯಲ್ಲಿ ತಂದರು, ಜೊತೆಗೆ ನೆಂಚಿಕೊಳ್ಳಲು ಒಂದು ಗಿಂಡಿ ತುಪ್ಪ, ಒಂದು ಸೀಸೆ ಕೊಡಗಿನ ಜೇನು. ಹುಡುಗಿ ಎರಡನ್ನೂ ನೋಡಿ ನಕ್ಕಳು. ತುಪ್ಪ ಬೇಡ ಅಂದದ್ದು ಅಕ್ಕನಿಗೆ ಅರ್ಥವಾಯಿತು, ಜೇನು ಯಾಕೆ ಬೇಡ ಅಂತ ಅರ್ಥವಾಗಲಿಲ್ಲ. “ಅದು ಹುಳ ತನಗೇ ಅಂತ ಕೂಡಿಟ್ಟದ್ದು ಆಂಟಿ” ಅಂದಳು. ಅಕ್ಕ ಸೀಸೆಯನ್ನು ಒಂದು ಕ್ಷಣ ನೋಡಿ, “ನಾವೂ ಕೂಡಿಟ್ಟಿದ್ದೇ ಮಾರಾಯ್ತಿ” ಅಂದು ತಮ್ಮ ಕಡೆ ಇಟ್ಟುಕೊಂಡರು. ಕೊನೆಗೆ ತೆಂಗಿನತುರಿ, ಬೆಲ್ಲ ಕಲಸಿ ಕೊಟ್ಟರು. ಆಮೇಲೆ ನನ್ನ ಕಿವಿಗೆ ಬಾಗಿ ಮೆಲ್ಲಗೆ, “ನಾಳೆ ಬಚ್ಚಲಿಗೆ ಹೋದಾಗ ಕೆಂಪಗೆ ಬಂದರೆ ಹೆದರಬೇಡಿ, ಮದ್ದು ಮೈಗೆ ಹಿಡಿದಿದೆ ಅಂತ ಲೆಕ್ಕ” ಅಂದರು. ಮೇಷ್ಟ್ರಿಗೆ ಇದನ್ನು ಹೇಳುವವರು ಯಾರು? ಯಾರೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಅವರು ಡಾಕ್ಟರ ಮನೆ ಕಡೆ ಬಿರಬಿರನೆ ಹೋಗುತ್ತಿದ್ದರು ಅಂತ ಹಾಲಿನವನು ಹೇಳಿದ.

ಆ ಪಂದ್ಯದಲ್ಲಿ 17ನೇ ನಿಮಿಷಕ್ಕೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡು, ಉಳಿದ ಅಷ್ಟೂ ಹೊತ್ತು ಹತ್ತೇ ಜನ. 1–1ಕ್ಕೆ ನಿಂತು ಶೂಟೌಟ್‌ಗೆ ಹೋಯಿತಲ್ಲ. ಒಬ್ಬೊಬ್ಬರಿಗೆ ಎಂಟೇ ಸೆಕೆಂಡು. ನಾನು ಗ್ಯಾಸ್ ಆರಿಸಿ ಬಂದೆ. ಎಣ್ಣೆಯಲ್ಲಿ ಅರ್ಧ ಬೆಂದ ಹೀರೇಕಾಯಿ ಬಜ್ಜಿ ತೇಲುತ್ತಲೇ ಇತ್ತು. ರಾಜ್‌ಕುಮಾರ್ ಪಾಲ್ ಕೊನೆಯದನ್ನು ಒಳಗೆ ಹಾಕಿ 4–2 ಆಗುವಷ್ಟರಲ್ಲಿ ಎಣ್ಣೆಯೆಲ್ಲ ಬಜ್ಜಿ ಹೊಟ್ಟೆ ಸೇರಿತ್ತು. ಅದನ್ನೂ ಯಾರೂ ಬಿಡಲಿಲ್ಲ ಅನ್ನಿ. ಗೆದ್ದ ಮೇಲೆ ನಾಲಿಗೆಗೆ ಅಷ್ಟೆಲ್ಲ ವಿವೇಚನೆ ಇರಲ್ಲ.

ಕಾಫಿ ಮಾತ್ರ ತಲೆನೋವಾಗಿತ್ತು. ಹಾಲಿಲ್ಲದ ಕಾಫಿ ಅಂದರೆ ನಮ್ಮ ಬೀದಿಯಲ್ಲಿ ಯಾರೂ ಮುಖ ಕೊಟ್ಟು ಮಾತಾಡಲ್ಲ. ಆ ಸ್ನೇಹಿತೆ ಒಂದು ಡಬ್ಬ ಓಟ್ಸ್ ಹಾಲು ತಂದಿದ್ದಳು. ಕುಡಿದು ನೋಡಿದೆ. ಜ್ವರ ಬಂದವರಿಗೆ ಕೊಡುವ ಗಂಜಿಗೆ ಡಿಕಾಕ್ಷನ್ ಬಿದ್ದ ಹಾಗಿತ್ತು. ಅವಳೇ ತಂದ ಗೋಡಂಬಿಯ ಚೀಸ್ ಅನ್ನುವುದನ್ನೂ ರುಚಿ ನೋಡಿದೆ. ಗೋಡಂಬಿಗೆ ಅಷ್ಟು ಕಷ್ಟ ಕೊಡುವ ಬದಲು ಉಪ್ಪು ಮೆಣಸು ಹಾಕಿ ಹುರಿದುಕೊಟ್ಟಿದ್ದರೆ ಅದಕ್ಕೂ ಸಮಾಧಾನ, ನಮಗೂ ಸಮಾಧಾನ. ಹಾಲು ಬೇಡ ಅಂದ ಮೇಲೆ ಹಾಲಿನ ವೇಷ ಯಾಕೆ, ನೀವೇ ಹೇಳಿ. ಕಾಫಿಯ ತಂಟೆಯನ್ನು ಬಿಡಿಸಿದ್ದೂ ಎದುರುಮನೆ ಅಕ್ಕನೇ. ಕೊಡಗಿನಲ್ಲಿ ಬೆಲ್ಲದ ಕಾಫಿ ಇದೆಯಲ್ಲ, ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಹಾಕಿ ಸೋಸಿದ ಕಪ್ಪು ಕಾಫಿ. ಮಳೆಗಾಲಕ್ಕೆ ಅದೇ ಸರಿ. ಅವರ ತೋಟದ ಆಳುಮಕ್ಕಳಿಂದ ಹಿಡಿದು ಅಜ್ಜಂದಿರವರೆಗೆ ಎಲ್ಲರೂ ಕುಡಿದುಕೊಂಡು ಬಂದದ್ದು. ಯಾವ ಗುರುತೂ ಇಲ್ಲದೆ, ಯಾವ ದಿನಾಚರಣೆಯೂ ಇಲ್ಲದೆ.

ನಮ್ಮ ತಾತನ ಮನೆಯಲ್ಲೂ ಅಷ್ಟೇ ಅಂದುಕೊಳ್ಳಿ. 1975ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಫೈನಲ್, ಪಾಕಿಸ್ತಾನದ ಮೇಲೆ. ನಾನು ಲಂಗ ಹಾಕುವ ವಯಸ್ಸು. ಜಗುಲಿ ಮೇಲೆ ಮರ್ಫಿ ರೇಡಿಯೊ, ಅದರ ಸುತ್ತ ಬೀದಿಯ ಗಂಡಸರೆಲ್ಲ. ವೀಕ್ಷಕ ವಿವರಣೆ ಹಿಂದಿಯಲ್ಲಿ, ಜಸ್‌ದೇವ್ ಸಿಂಗ್ ದನಿ. ನಮ್ಮಲ್ಲಿ ಹಿಂದಿ ಬಲ್ಲವರು ಒಬ್ಬರೂ ಇಲ್ಲ. ದನಿ ಏರಿದರೆ ಚೆಂಡು ಹತ್ತಿರ ಬಂದಿದೆ, ಇಳಿದರೆ ಹೋಯಿತು, ಅಷ್ಟರ ಮೇಲೆ ಪಂದ್ಯವನ್ನು ಕಟ್ಟಿಕೊಳ್ಳುತ್ತಿದ್ದರು. ಯಾರ ಕಡೆಯ ಗೋಲಿನ ಹತ್ತಿರ ಅನ್ನುವುದರಲ್ಲಿ ಮಾತ್ರ ಎರಡು ಪಕ್ಷ. ನಮ್ಮ ಕೊಡಗಿನ ಗೋವಿಂದ ತಂಡದಲ್ಲಿದ್ದರಲ್ಲ, ಬಿ.ಪಿ. ಗೋವಿಂದ, ಆ ಹೆಸರು ಕೇಳಿದಾಗೆಲ್ಲ ತಾತ ಗೋವಿಂದಾ ಗೋವಿಂದ ಅನ್ನುತ್ತಿದ್ದರು, ಭಕ್ತಿಯೋ ಹಾಕಿಯೋ ತಿಳಿಯದು. ಅಶೋಕ್ ಕುಮಾರ್ ಹೊಡೆದ ಎರಡನೇ ಗೋಲು ಒಳಗೆ ಹೋಗಿ ಬಂತೋ, ಕಂಬಕ್ಕೆ ತಾಗಿ ಬಂತೋ ಅಂತ ಇವತ್ತಿಗೂ ಜಗಳ ಇದೆಯಂತೆ. ನಮ್ಮ ಜಗುಲಿಯಲ್ಲಿ ಅಂಥ ಸಂಶಯವೇ ಇರಲಿಲ್ಲ. ಅಜ್ಜಿ ಮೊರದಲ್ಲಿ ಹುರಿಗಡಲೆ, ಕಡಲೆಕಾಯಿ, ಅಚ್ಚು ಬೆಲ್ಲದ ಚೂರು ತಂದಿಟ್ಟಿದ್ದರು. ರೇಡಿಯೊ ಆದ್ದರಿಂದ ಸಿಪ್ಪೆ ಸುಲಿಯುವುದಕ್ಕೆ ಎರಡೂ ಕೈ ಬಿಡುವಿತ್ತು, ಕಣ್ಣೂ ಬಿಡುವಿತ್ತು. ಮೊರ ಬರಿದಾದದ್ದು ಯಾರಿಗೂ ಗೊತ್ತಾಗಲಿಲ್ಲ. ಬೆಲ್ಲದ ಚೂರುಗಳನ್ನು ಎತ್ತಿಟ್ಟುಕೊಂಡದ್ದು ಯಾರು ಅಂತ ಮಾತ್ರ ಕೇಳಬೇಡಿ.

ಎಲ್ಲಿಂದ ಎಲ್ಲಿಗೋ ಹೋದೆ. ಹೇಳಬೇಕು ಅಂದುಕೊಂಡದ್ದು ಇಷ್ಟೇ. 2026ರ ಆಗಸ್ಟ್‌ಗೆ ಹಾಕಿ ವಿಶ್ವಕಪ್ ಇದೆ, ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ. ಅಲ್ಲಿನ ಹೊತ್ತಿಗೂ ನಮ್ಮ ಹೊತ್ತಿಗೂ ಮೂರೂವರೆ ಗಂಟೆ ವ್ಯತ್ಯಾಸ, ಅಲ್ಲಿ ಸಂಜೆ ಆಡಿದರೆ ಇಲ್ಲಿ ರಾತ್ರಿ. ಹೊತ್ತಲ್ಲದ ಹೊತ್ತಿನಲ್ಲಿ ಒಲೆ ಹಚ್ಚಿ ಹಿಟ್ಟು ಕಲಸುತ್ತಾ ಕೂರುವುದು ನನ್ನಿಂದಾಗದು. ಹಪ್ಪಳವೇ ಸರಿ, ಎರಡು ನಿಮಿಷದ ಬಿಡುವಿನಲ್ಲಿ ಇಪ್ಪತ್ತು ಕರಿಯಬಹುದು. ಮಳೆ ಹಿಡಿದ ಮೇಲೆ ಹಲಸಿನಕಾಯಿಯೂ ಇರಲ್ಲ, ಬಿಸಿಲೂ ಇರಲ್ಲ, ಮಾಡುವುದಿದ್ದರೆ ಈಗಲೇ ಮಾಡಿ ಡಬ್ಬಕ್ಕೆ ತುಂಬಬೇಕು. ಕಾಯಿ ಎದುರುಮನೆ ಅಕ್ಕ ಊರಿನಿಂದ ತರಿಸುತ್ತಾರಂತೆ, ಬೇಯಿಸಿ ಕುಟ್ಟುವುದು ನಾನು, ಒತ್ತುವುದಕ್ಕೆ ತಂಗಿ ಮಗಳು ರಜೆ ಹಾಕಿ ಬರುತ್ತಾಳೆ. ಒಣಗಿಸುವ ಜಾಗದ್ದೇ ಯೋಚನೆ, ನಮ್ಮ ಮಾಳಿಗೆ ಮೇಲೆ ಸೋಲಾರ್ ಹಾಕಿಸಿದ ಮೇಲೆ ನಾಲ್ಕು ಚಾಪೆಗೂ ಜಾಗವಿಲ್ಲ. ನಿಮ್ಮ ತಾರಸಿಗೆ ಬೆಳಗಿನಿಂದ ಸಂಜೆವರೆಗೂ ಬಿಸಿಲು ಬೀಳುತ್ತೆ, ಅಲ್ವಾ?